ಸರಿಯಾದ ಉತ್ತರಕ್ಕೆ ಒಂದು ಅಂಕ

ಬುಡಕಟ್ಟು ಜನರ ಪಾರಂಪರಿಕ ಜ್ಞಾನಕ್ಕೆ ಇದು ಸುಗ್ಗಿಯ ಕಾಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಬುಡಕಟ್ಟು ವೈದ್ಯ, ಅರಣ್ಯ ನಿರ್ವಹಣೆ, ಸಾಂಪ್ರದಾಯಿಕ ಬೇಸಾಯ ಎಂದು ಒಂದೊಂದನ್ನೂ ಹೆಸರಿಸಿ, ಅವಕ್ಕೆ ಪ್ರತ್ಯೇಕ ಪಾಠಕ್ರಮಗಳಿರಲಿ ಎಂದು ಹೇಳಿದೆ. 2023ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗವು, ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಒಟ್ಟು ಕ್ರೆಡಿಟ್‌ಗಳಲ್ಲಿ ಕನಿಷ್ಠ ಶೇ. 5ರಷ್ಟನ್ನು ಭಾರತೀಯ ಜ್ಞಾನ ಪರಂಪರೆಯ ವಿಷಯಗಳಿಂದ ಗಳಿಸುವಂತೆ ಪ್ರೋತ್ಸಾಹಿಸಬೇಕೆಂದು ಮಾರ್ಗಸೂಚಿ ಹೊರಡಿಸಿತು. ವಿಚಾರ ಸಂಕಿರಣಗಳಿಗೆ ಬ್ಯಾನರುಗಳು ಸಿದ್ಧವಾಗಿವೆ, ಸಮಿತಿಗಳಿಗೆ ಅಧ್ಯಕ್ಷರೂ ದೊರೆತಿದ್ದಾರೆ. ಇಷ್ಟೆಲ್ಲ ಅನುಕೂಲಗಳ ನಡುವೆ ಉಳಿದಿರುವ ತೊಡಕು ಒಂದೇ: ಈ ಜ್ಞಾನವುಳ್ಳವರು ಇನ್ನೂ ಬದುಕಿದ್ದಾರೆ.

ಆರ್ಯಭಟನಿಂದ ಇಂಥ ತೊಂದರೆಯಿಲ್ಲ. ಆತ ಗೌರವಧನ ಕೇಳುವುದಿಲ್ಲ, ಪಾಠದಲ್ಲಿ ತಪ್ಪಿದೆಯೆಂದು ತಕರಾರು ತೆಗೆಯುವುದಿಲ್ಲ, ಉಪನ್ಯಾಸ ಮುಗಿದ ಮೇಲೆ ವೇದಿಕೆಯಿಂದ ಇಳಿದು ಬಂದು ತನ್ನ ಜಮೀನಿನ ಹಕ್ಕುಪತ್ರದ ಕಡತ ಯಾವ ಮೇಜಿನ ಮೇಲಿದೆಯೆಂದು ವಿಚಾರಿಸುವುದೂ ಇಲ್ಲ. ಬಿಳಿಗಿರಿರಂಗನ ಬೆಟ್ಟದ ಯಾವುದೋ ಪೋಡಿನಲ್ಲಿ, ಅಂದರೆ ಬುಡಕಟ್ಟಿನ ಹಾಡಿಯಲ್ಲಿ, ಇರುವ ಸೋಲಿಗರ ಅಜ್ಜ ಈ ಮೂರನ್ನೂ ಮಾಡುವ ಸಂಭವವಿದೆ. ಆದುದರಿಂದ ಅಜ್ಜನನ್ನು ಮನೆಯಲ್ಲಿಯೇ ಬಿಟ್ಟು, ಅಜ್ಜನ ಅರಿವನ್ನು ಮಾತ್ರ ಶಾಲೆಗೆ ತರುವ ಬಗೆ ಹೇಗೆಂಬುದೇ ಈಗ ತಜ್ಞರ ಮುಂದಿರುವ ಪ್ರಶ್ನೆ.

ನೀತಿ ತಯಾರಿಸಿದವರು ಅಜ್ಜನನ್ನು ಮರೆತಿದ್ದಾರೆಂದು ಹೇಳಿದರೆ ತಪ್ಪಾದೀತು. ಸ್ಥಳೀಯ ಪರಿಣತರನ್ನು ‘ಮಾಸ್ಟರ್ ಇನ್‌ಸ್ಟ್ರಕ್ಟರ್’ಗಳೆಂದು ಶಾಲೆಗಳು ನೇಮಿಸಿಕೊಳ್ಳಬಹುದೆಂಬ ಮಾತು ಅದೇ ನೀತಿಯಲ್ಲಿದೆ. ಉಳಿದಿರುವುದು ಅರ್ಜಿ ನಮೂನೆಯೊಂದೇ. ಅದನ್ನು ರೂಪಿಸುವ ಅಧಿಕಾರಿಗಳ ಹೊರೆಯನ್ನು ಇಳಿಸುವ ಸದುದ್ದೇಶದಿಂದ ಕೆಲವು ಸಲಹೆಗಳನ್ನು ಇಲ್ಲಿ ಕೊಡುತ್ತಿದ್ದೇನೆ. ಅರ್ಜಿದಾರನು ಹುಟ್ಟಿದ ದಿನಾಂಕಕ್ಕೆ ದಾಖಲೆ ಒದಗಿಸಬೇಕು. ‘ಆನೆ ಬಂದು ಹೋದ ಮಾರನೆಯ ಮಳೆಗಾಲ’ ಎಂಬಂಥ ವಿವರಗಳನ್ನು ಪರಿಗಣಿಸಲಾಗದು. ಕಾಡಿನಲ್ಲಿ ಓಡಾಡಿದ ಅನುಭವ ಕನಿಷ್ಠ ನಲವತ್ತು ವರ್ಷಗಳಷ್ಟಿದ್ದು, ಅದಕ್ಕೆ ಅರಣ್ಯ ಇಲಾಖೆಯಿಂದ ದೃಢೀಕರಣ ತರಬೇಕು. ಬೆಟ್ಟವು 1974ರಲ್ಲಿ ವನ್ಯಜೀವಿಧಾಮವಾಗಿರುವುದರಿಂದ, ಅಂದಿನಿಂದೀಚೆಗೆ ಅರ್ಜಿದಾರನು ಗಳಿಸಿದ ಅನುಭವವು ಯಾರ ಅನುಮತಿಯಿಂದ ಗಳಿಸಿದ್ದು ಎಂಬುದಕ್ಕೆ ವಿವರಣೆಯನ್ನು ಪ್ರತ್ಯೇಕ ಹಾಳೆಯಲ್ಲಿ ಬರೆದು ಲಗತ್ತಿಸಬೇಕು. ಹೀಗೆ ಅನುಭವ ಪತ್ರ ಮತ್ತು ತಪ್ಪೊಪ್ಪಿಗೆ ಎರಡೂ ಒಂದೇ ಲಕೋಟೆಯಲ್ಲಿ ಬರುವುದರಿಂದ ಅಂಚೆ ವೆಚ್ಚವೂ ಉಳಿಯುತ್ತದೆ.

ಇನ್ನು ಪಠ್ಯದ ವಿಷಯಕ್ಕೆ ಬರೋಣ. ಸೋಲಿಗರಲ್ಲಿ ‘ತರಗುಬೆಂಕಿ’ ಎಂಬ ರೂಢಿಯೊಂದಿತ್ತು. ಬೇಸಗೆ ಬಲಿಯುವ ಮುನ್ನ, ನೆಲದ ಮೇಲಿನ ಒಣ ತರಗೆಲೆಗೆ ಸಣ್ಣದಾಗಿ ಬೆಂಕಿ ಕೊಟ್ಟರೆ ಅದು ಹುಲ್ಲು ಕಸವನ್ನಷ್ಟೇ ನೆಕ್ಕಿಕೊಂಡು ಹೋಗುತ್ತಿತ್ತು. ಮರದ ಗೊಡವೆಗೆ ಹೋಗುತ್ತಿರಲಿಲ್ಲ. ಅದರಿಂದ ಹೊಸ ಹುಲ್ಲು ಚಿಗುರುತ್ತದೆ, ನೆಲ್ಲಿಯ ಮರಕ್ಕೆ ಬಂದಳಿಕೆ ಅಡರುವುದು ತಗ್ಗುತ್ತದೆ, ಲಂಟಾನದ ಸಸಿಗಳು ಮೇಲೇಳುವ ಮೊದಲೇ ಸಾಯುತ್ತವೆ ಎಂಬುದು ಅವರ ತಿಳಿವಳಿಕೆ. ಅಭಯಾರಣ್ಯದಲ್ಲಿ ಬೆಂಕಿ ಅಪರಾಧವಾದ ಮೇಲೆ ತರಗುಬೆಂಕಿ ನಿಂತಿತು, ಲಂಟಾನ ನಿಲ್ಲಲಿಲ್ಲ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಬ್ರಿಟಿಷರು ಅಲಂಕಾರಕ್ಕೆಂದು ತಂದ ಈ ಗಿಡ ಬೆಟ್ಟದ ಬಹುಭಾಗವನ್ನು ಆಳೆತ್ತರಕ್ಕೆ ಹೆಣೆದುಕೊಂಡಿತು. ಸಂಶೋಧಕರು ಬಂದು ಹಲವು ವರ್ಷ ಅಳತೆ ಮಾಡಿ, ಅಜ್ಜಂದಿರ ಮಾತಿನಲ್ಲಿ ಹುರುಳಿದೆಯೆಂದು ಆಂಗ್ಲ ನಿಯತಕಾಲಿಕೆಗಳಲ್ಲಿ ಪ್ರಕಟಿಸಿದರು. ಹುರುಳಿದೆಯೆಂಬುದು ಅಜ್ಜಂದಿರಿಗೂ ಗೊತ್ತಿತ್ತಾದರೂ ಅವರು ಪ್ರಕಟಿಸಿರಲಿಲ್ಲ.

ಹಾಗೆಂದು ನಾಳೆಯೇ ಕಡ್ಡಿ ಗೀರಿದರೆ ಎಲ್ಲವೂ ಸರಿಹೋಗುತ್ತದೆಂದು ನಾನೂ ಹೇಳಲಾರೆ. ಲಂಟಾನ ಅಷ್ಟು ದಟ್ಟವಾಗಿ ನಿಂತಿರುವಲ್ಲಿ ಕಿಡಿ ಬಿದ್ದರೆ ಬೆಂಕಿ ನೆಲದಲ್ಲಿ ಉಳಿಯದೆ ಕೊಂಬೆಗೇರುತ್ತದೆ. ಯಾವ ಕಾಡಿಗೆ, ಯಾವ ತಿಂಗಳಲ್ಲಿ, ಯಾವ ಗಾಳಿಗೆ ಎಷ್ಟು ಬೆಂಕಿ ಎಂಬ ಲೆಕ್ಕವೇ ಆ ವಿದ್ಯೆಯ ಜೀವಾಳ. ಅದನ್ನು ಕಲಿಯಬೇಕಾದರೆ ಬಲ್ಲವರ ಹಿಂದೆ ಕಾಡಿನಲ್ಲಿ ನಡೆಯಬೇಕು. ಪಠ್ಯಪುಸ್ತಕಕ್ಕೆ ಈ ಗೊಂದಲವೆಲ್ಲ ಹಿಡಿಸದು. ‘ಕಾಡಿಗೆ ಬೆಂಕಿ ಹಚ್ಚುವುದು (ಅ) ಒಳ್ಳೆಯದು (ಆ) ಕೆಟ್ಟದ್ದು’ ಎಂದು ಕೇಳಿದಾಗ, ಪೋಡಿನ ಹುಡುಗಿ ‘ಯಾವ ತಿಂಗಳಲ್ಲಿ?’ ಎಂದು ಬರೆದರೆ ಅವಳಿಗೆ ಸೊನ್ನೆ. ಅದೇ ಪುಸ್ತಕದ ಮುಂದಿನ ಅಧ್ಯಾಯಕ್ಕೆ ‘ನಮ್ಮ ಬುಡಕಟ್ಟುಗಳ ಪರಿಸರ ಪ್ರಜ್ಞೆ’ ಎಂದು ಹೆಸರಿಟ್ಟರೆ, ಅವಳು ತನ್ನ ಅಜ್ಜನಿಗೆ ಪರಿಸರ ಪ್ರಜ್ಞೆ ಇತ್ತೆಂಬುದನ್ನು ಬಾಯಿಪಾಠ ಮಾಡಿ ಆ ಅಂಕವನ್ನು ಹಿಂದಕ್ಕೆ ಪಡೆಯಬಹುದು.

ಆ ಹುಡುಗಿ ಓದುತ್ತಿರುವುದಾದರೂ ಎಲ್ಲಿ? ಆರು ವರ್ಷ ತುಂಬುತ್ತಲೇ ಆಶ್ರಮ ಶಾಲೆಯ ವಸತಿಗೆ ಸೇರಿ, ಗೆಣಸನ್ನು ಅಗೆದ ಮೇಲೆ ಬುಡವನ್ನು ಮತ್ತೆ ಮಣ್ಣಿನಲ್ಲಿ ಹುಗಿದು ಬರಬೇಕೆಂಬ ಪಾಠ ನಡೆಯುವ ಹೊತ್ತಿಗೆ ಆಕೆ ಬೆಳಗಿನ ಪ್ರಾರ್ಥನೆಯ ಸಾಲಿನಲ್ಲಿ ನಿಂತಿರುತ್ತಾಳೆ. ಮೊದಲು ಮಗುವನ್ನು ಮನೆಯಿಂದ ಬಿಡಿಸಿ, ಹನ್ನೆರಡು ವರ್ಷ ಕಾದು, ಮನೆಯಲ್ಲಿ ಕಲಿಯಬಹುದಾಗಿದ್ದುದನ್ನು ಕಾಲೇಜಿನಲ್ಲಿ ಶೇ. 5ರ ಲೆಕ್ಕದಲ್ಲಿ ಪ್ರೊಜೆಕ್ಟರಿನ ಮೂಲಕ ಮರಳಿ ಕೊಡುವ ಈ ಏರ್ಪಾಟು ನೋಡುವವರಿಗೆ ಸುತ್ತುದಾರಿಯಂತೆ ಕಂಡೀತು. ಆದರೆ ಸುತ್ತುದಾರಿಯಲ್ಲಿ ಎಷ್ಟು ಹುದ್ದೆಗಳು ಸೃಷ್ಟಿಯಾಗುತ್ತವೆ ಎಂಬುದನ್ನು ಟೀಕಾಕಾರರು ಗಮನಿಸುವುದಿಲ್ಲ.

ಕೇಂದ್ರ ಸರ್ಕಾರದ ಏಕಲವ್ಯ ಮಾದರಿ ವಸತಿ ಶಾಲೆಗಳ ಹೆಸರನ್ನು ಇಟ್ಟವರು ಕಥೆಯನ್ನು ಕೊನೆಯವರೆಗೆ ಓದಿದ್ದರೇ ಎಂದು ಕೇಳುವ ಕುಹಕಿಗಳಿದ್ದಾರೆ. ನನಗೆ ಕಾಡುವ ಸಂಶಯ ಬೇರೆ: ಕಾಡಿನಲ್ಲಿ ಒಬ್ಬನೇ ಕುಳಿತು ಕಲಿತ ಆ ಹುಡುಗನಿಗೆ ಹಾಜರಾತಿ ಕೊರತೆಯ ಕಾರಣ ಇಂದು ಪ್ರವೇಶಪತ್ರವೇ ಸಿಗುತ್ತಿರಲಿಲ್ಲ. 2023ರಲ್ಲಿ ಈ ಶಾಲೆಗಳ ಶಿಕ್ಷಕರ ನೇಮಕಾತಿಯನ್ನು ಕೇಂದ್ರೀಕರಿಸಿ, ಪರೀಕ್ಷೆಯಲ್ಲಿ ಹಿಂದಿಯನ್ನೂ ಸೇರಿಸಲಾಯಿತು. ಮಗು ಮನೆಯಲ್ಲಿ ಆಡುವ ಸೋಲಿಗ ನುಡಿಯಾಗಲಿ ಜೇನುಕುರುಬ ನುಡಿಯಾಗಲಿ ಶಿಕ್ಷಕರಿಗೆ ಬರುವುದೇ ಎಂದು ಕೇಳುವ ಅಗತ್ಯ ಬೀಳಲಿಲ್ಲ. ಮಗುವೇ ಶಿಕ್ಷಕರ ಭಾಷೆಯನ್ನು ಕಲಿಯುವಷ್ಟು ಚುರುಕಾಗಿದೆಯೆಂಬ ವಿಶ್ವಾಸ ಇಲಾಖೆಗಿದೆ.

ವರ್ಷಕ್ಕೊಂದು ದಿನ ಮಾತ್ರ ಅಜ್ಜನಿಗೆ ಕರೆ ಬರುತ್ತದೆ. ಆಗಸ್ಟ್ 9ರ ಆದಿವಾಸಿ ದಿನದಂದು ಸೊಪ್ಪು ಕಟ್ಟಿಕೊಂಡು ವೇದಿಕೆಯ ಮೇಲೆ ಕುಣಿಯಬೇಕು. ಮಾನ್ಯರು ಬರುವುದು ತಡವಾದರೆ ಇನ್ನೊಮ್ಮೆ ಕುಣಿಯಬೇಕು. ಆ ಸೊಪ್ಪು ಯಾವುದು, ಯಾವ ಕಾಯಿಲೆಗೆ ಬರುತ್ತದೆ ಎಂದು ಅವನು ಧ್ವನಿವರ್ಧಕದಲ್ಲಿ ಹೇಳಲು ಹೊರಟರೆ ನಿರೂಪಕರು ಸಮಯದ ಅಭಾವವನ್ನು ನೆನಪಿಸುತ್ತಾರೆ. 2006ರ ಅರಣ್ಯ ಹಕ್ಕು ಕಾಯ್ದೆಯು ಪಾರಂಪರಿಕ ಜ್ಞಾನದ ಮೇಲೆ ಸಮುದಾಯಕ್ಕೇ ಹಕ್ಕಿದೆಯೆಂದು ಬರೆದಿಟ್ಟಿರುವುದು ನಿಜ. ಆದರೆ ಸಂಶೋಧಕರ ಹೆಸರು ಪದವಿಗಳ ಸಮೇತ ಮುಖಪುಟದಲ್ಲಿಯೂ, ಅಜ್ಜ ‘ಒಬ್ಬ ಹಿರಿಯ ಮಾಹಿತಿದಾರ’ ಎಂಬ ರೂಪದಲ್ಲಿ ಅಡಿಟಿಪ್ಪಣಿಯಲ್ಲಿಯೂ ಇರುವ ಪದ್ಧತಿಗೆ ಅದರಿಂದ ಧಕ್ಕೆ ಬಂದಿಲ್ಲ.

ಕೊನೆಯದಾಗಿ ಮೌಲ್ಯಮಾಪನ. ತರಗುಬೆಂಕಿಯನ್ನು ಪದವಿ ತರಗತಿಗಳಿಗೆ ಐಚ್ಛಿಕ ಪತ್ರಿಕೆಯಾಗಿ ಇಡುವುದಾದರೆ, ಲಿಖಿತ ಪರೀಕ್ಷೆಗೆ 80, ಪ್ರಾಯೋಗಿಕಕ್ಕೆ 20 ಅಂಕಗಳಿರಲಿ. ಲಿಖಿತ ಉತ್ತರಗಳನ್ನು ವಿಶ್ವವಿದ್ಯಾಲಯ ತಿದ್ದುತ್ತದೆ. ಪ್ರಾಯೋಗಿಕ ಪರೀಕ್ಷೆಯು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 30ನೆಯ ಕಲಮಿನ ವ್ಯಾಪ್ತಿಗೆ ಬರುವುದರಿಂದ, ಅದರ ಫಲಿತಾಂಶವನ್ನು ನ್ಯಾಯಾಲಯ ಪ್ರಕಟಿಸುತ್ತದೆ.