ಕರೆಂಟಿಲ್ಲದೆ ತಿರುಗಿದ ಫ್ಯಾನು

ಕಳೆದ ಮಂಗಳವಾರ ಬೆಳಗಿನ ಜಾವ ಕರೆಂಟ್ ಹೋಯಿತು. ಸೆಕೆಗೆ ಎಚ್ಚರವಾಗಿ ಬಲಕ್ಕೆ ಹೊರಳಿದೆ ನೋಡಿ, ನಿಂತಿದ್ದ ಫ್ಯಾನು ತಿರುಗತೊಡಗಿತು. ಅದರ ಜೊತೆ ಸೂರು, ಬೀರು, ಗೋಡೆಯ ಕ್ಯಾಲೆಂಡರು, ಎಲ್ಲ. ಮಂಚವನ್ನು ತಬ್ಬಿಕೊಂಡು "ಭೂಕಂಪ!" ಅಂತ ಕೂಗಿದೆ.

ಹೆಂಡತಿ ಒಂದೇ ಕಣ್ಣು ತೆರೆದಳು. "ನಿಮ್ಮ ಪ್ಯಾಂಟು ಮೊಳೆಯಲ್ಲಿ ತಣ್ಣಗಿದೆ. ಭೂಕಂಪ ಆಗಿದ್ರೆ ಅದಾದ್ರೂ ಅಲ್ಲಾಡ್ತಿತ್ತು. ಮಲ್ಕೊಳ್ಳಿ."

ಅರ್ಧ ನಿಮಿಷಕ್ಕೆ ಮನೆ ನಿಂತಿತು. ಹಲ್ಲುಜ್ಜಲು ಬಗ್ಗಿದರೆ ಸಿಂಕು ಎದ್ದು ಬಂತು.

"ಪಿತ್ತ ನೆತ್ತಿಗೇರಿದೆ ಕಣೋ. ರಾತ್ರಿ ಬೋಂಡ ಬೇಡ ಅಂದ್ರೆ ಕೇಳ್ತೀಯಾ?" ಅಂದಳು ಅಮ್ಮ. ನಿಂಬೆ ಪಾನಕ, ಜೀರಿಗೆ ಕಷಾಯ, ಶುಂಠಿ ತಂಬುಳಿ ಸಾಲಾಗಿ ಬಂದವು. ಪಿತ್ತ ಇಳಿಯಿತೋ ಏನೋ, ಮನೆ ಮಾತ್ರ ನಿಲ್ಲಲಿಲ್ಲ.

ಸಂಜೆ ಕಿವಿ ಡಾಕ್ಟರು ವಿಷಯ ಬಿಡಿಸಿ ಹೇಳಿದರು. ಕಿವಿಯ ಒಳಗೆ ಮೂರು ಬಾಗಿದ ಕೊಳವೆಗಳಿವೆ. ಕೋಣೆಯ ಮೂಲೆಯಲ್ಲಿ ಎರಡು ಗೋಡೆ, ಒಂದು ನೆಲ ಕೂಡುತ್ತವಲ್ಲ, ಹೆಚ್ಚುಕಡಿಮೆ ಹಾಗೆ. ತಲೆ ತಿರುಗಿಸಿದರೆ ಅದರೊಳಗಿನ ದ್ರವ ಅಲುಗಿ ಮಿದುಳಿಗೆ ಸುದ್ದಿ ಹೋಗುತ್ತದೆ. ಪಕ್ಕದ ಚೀಲದಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟಿನ ಪುಟ್ಟ ಹರಳುಗಳು, ಮೊಟ್ಟೆ ಸಿಪ್ಪೆಯದೇ ಸರಕು. ಮೇಲು ಯಾವುದು, ಕೆಳಗೆ ಯಾವುದು ಅಂತ ತಿಳಿಸುವುದು ಇವುಗಳ ಕೆಲಸ. ನನ್ನವು ಒಂದಷ್ಟು ಜಾರಿ ಕೊಳವೆಗೆ ಬಿದ್ದಿದ್ದವು. ಹೊರಳಿದಾಗೆಲ್ಲ ಅವು ದ್ರವವನ್ನು ಎಳೆದಾಡಿ, ನಾನು ಗಿರಗಿರ ಸುತ್ತುತ್ತಿದ್ದೇನೆ ಅಂತ ಚಾಡಿ ಹೇಳುತ್ತಿದ್ದವು. ಕಣ್ಣುಗಳೂ ಅದನ್ನೇ ನಂಬಿ ಓಡುತ್ತಿದ್ದವು. ನಲವತ್ತೇಳು ವರ್ಷ ಮನೆ ನಿಂತಲ್ಲೇ ನಿಂತಿದ್ದು ಪಾಯ ಗಟ್ಟಿ ಇದ್ದದ್ದಕ್ಕೆ ಅಂದುಕೊಂಡಿದ್ದೆ!

ಕಿವಿಯಲ್ಲಿ ಕಲ್ಲು ಜಾರಿದೆ ಅಂತ ಅಮ್ಮನ ಮುಂದೆ ಬಾಯಿಬಿಟ್ಟಿದ್ದೇ ತಪ್ಪಾಯಿತು.

"ಕಲ್ಲಾ? ಮೊದಲೇ ಹೇಳಬಾರದಾ?" ಅಂದವಳೇ ಮಾರುದ್ದದ ಬಾಳೆದಿಂಡು ತರಿಸಿದಳು.

"ಅಮ್ಮಾ, ಅದು ಕಿಡ್ನಿ ಕಲ್ಲಿಗೆ."

"ಕಲ್ಲು ಕಲ್ಲೇ ಅಲ್ವೇನೋ?"

ಬುಧವಾರ ದಿಂಡಿನ ಪಲ್ಯ. ಗುರುವಾರ ಕೋಸಂಬರಿ. ಶುಕ್ರವಾರ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಲೋಟ ದಿಂಡಿನ ರಸ. ದಿಂಡು ಹೆಚ್ಚುವಾಗ ನಾರನ್ನು ಬೆರಳಿಗೆ ಸುತ್ತಿ ಸುತ್ತಿ ಎಳೆಯುತ್ತಾರಲ್ಲ, ಆ ಬೆರಳು ನೋಡಿದರೇ ನನಗೆ ತಲೆ ತಿರುಗುತ್ತಿತ್ತು. ಶನಿವಾರ ಪಕ್ಕದ ಮನೆಯವರು ಬಂದು, "ಮೂತ್ರ ಸಲೀಸಾಗಿ ಹೋಗ್ತಿದೆಯಾ?" ಅಂತ ವಿಚಾರಿಸಿಕೊಂಡು ಹೋದರು.

ಡಾಕ್ಟರು ಕೊಟ್ಟ ಚಿಕಿತ್ಸೆಗೆ ಮಾತ್ರೆಯಿಲ್ಲ, ಸೂಜಿಯಿಲ್ಲ. ಜಾನ್ ಎಪ್ಲಿ ಅನ್ನುವ ಅಮೆರಿಕದ ವೈದ್ಯರು ಕಂಡುಕೊಂಡ ಉಪಾಯ. ಮಲಗಿಸಿ, ತಲೆಯನ್ನು ಮಂಚದಾಚೆ ಜೋತುಬಿಟ್ಟು, ಆ ಕಡೆ, ಈ ಕಡೆ, ಆಮೇಲೆ ಇಡೀ ಮೈ ಪಕ್ಕಕ್ಕೆ. ಸಂದಿಗೆ ಬಿದ್ದ ಗೋಲಿಯನ್ನು ಡಬ್ಬಿ ವಾಲಿಸಿ ಹೊರಗೆ ಉರುಳಿಸುವ ಹಾಗೆ. ಎರಡನೇ ಸಲಕ್ಕೆ ಸರಿಹೋಯಿತು. "ದಿಂಡು ಕೆಲಸ ಮಾಡ್ತು," ಅಂತ ಅಮ್ಮ ಊರಿಗೆಲ್ಲ ಫೋನ್ ಮಾಡಿದಳು.

ನಿನ್ನೆ ರಾತ್ರಿ ಮತ್ತೆ ಕರೆಂಟ್ ಹೋಗಿತ್ತು. ನೀರಿಗೆಂದು ಎದ್ದೆ. ಕಣ್ಣಿಗೆ ಏನೂ ಕಾಣದು, ಕಿವಿಯ ಮೇಲೆ ಇನ್ನೂ ನಂಬಿಕೆಯಿಲ್ಲ. ಕೈ ತಾನಾಗಿ ಗೋಡೆ ಹಿಡಿಯಿತು. ಒಂದು ಕಡೆ ನುಣ್ಣಗೆ, ಸ್ವಲ್ಪ ಜಿಡ್ಡು. ಹಾಲಿನಿಂದ ಅಡುಗೆಮನೆವರೆಗೂ ಪಟ್ಟಿ ಎಳೆದ ಹಾಗೆ. ಹೊಸ ಪೇಂಟು ತಿಂಗಳಲ್ಲೇ ಕೊಳೆಯಾಯಿತು ಅಂತ ಅಮ್ಮನ ಮೇಲೆ ರೇಗಿದ್ದೆ. ಅವಳು ಹಗಲಲ್ಲೂ ಗೋಡೆ ಹಿಡಿದೇ ನಡೆಯುತ್ತಾಳೆ. ಯಾವಾಗಿನಿಂದ ಅಂತ ನಾನು ಕೇಳಿಯೇ ಇಲ್ಲ.

ಕತ್ತಲಿಂದ ಅವಳ ದನಿ ಬಂತು. "ಯಾರು, ನೀನೇನೋ? ಫ್ರಿಜ್ಜಲ್ಲಿ ದಿಂಡಿನ ರಸ ಇದೆ. ಕುಡಿದು ಮಲಕ್ಕೋ."