200 ಪದಗಳಲ್ಲಿ ಮಕ್ಕಳ ಬದುಕು

ನಿನ್ನೆ ರಾತ್ರಿ 11 ಗಂಟೆ. ಮಕ್ಕಳಿಗಾಗಿ ನಾವು ನಡೆಸುವ ಕಾರ್ಯಕ್ರಮಕ್ಕೆ ಅನುದಾನ ಕೇಳುವ ಅರ್ಜಿಗೆ ಕೊನೆಯ ದಿನ. 'ಮಕ್ಕಳಲ್ಲಿ ಆಗುವ ಬದಲಾವಣೆಯನ್ನು 200 ಪದಗಳಲ್ಲಿ ತಿಳಿಸಿ' ಅನ್ನೋ ಚೌಕ ತುಂಬಿ ಸೇವ್ ಒತ್ತಿದೆ. ಲಾಗಿನ್ ಅವಧಿ ಮುಗಿದಿದೆಯಂತೆ. ಬರೆದದ್ದೆಲ್ಲ ಹೋಯಿತು. ಅಳುವೇ ಬಂತು.

ಪ್ರತಿ ವರ್ಷ ಇದೇ ಗೋಳು. ಬಣ್ಣದ ಪೆನ್ಸಿಲ್‌ಗೆ ದುಡ್ಡಿದೆ, ಬ್ಯಾನರ್‌ಗೆ ದುಡ್ಡಿದೆ. ಮಕ್ಕಳ ಜೊತೆ ದಿನಾ ಕೂರುವವರ ಸಂಬಳಕ್ಕೆ ಮಾತ್ರ ಇಲ್ಲ! ಅನುದಾನ ಕೊಡುವವರಿಗೆ ಅದು ಕಾರ್ಯಕ್ರಮದ ಖರ್ಚಲ್ಲ, ಆಡಳಿತ ವೆಚ್ಚವಂತೆ. ಅವರಿಲ್ಲದೆ ಯಾವ ಕಾರ್ಯಕ್ರಮ ನಡೆಯುತ್ತದೆ?

ಹಣ ಕೈಗೆ ಬರುವಷ್ಟರಲ್ಲಿ ಅರ್ಧ ವರ್ಷ ಕಳೆದಿರುತ್ತದೆ. ವರದಿ ಮಾತ್ರ ಪೂರ್ತಿ 12 ತಿಂಗಳದ್ದು ಬೇಕು. ಹಾಜರಿ, ಫೋಟೊ, ಬಿಲ್ಲು, ಹಣ ಬಳಕೆ ಪ್ರಮಾಣಪತ್ರ, ಲೆಕ್ಕಪರಿಶೋಧಕರ ಸಹಿ. ಚೆನ್ನಾಗಿ ನಡೆಯುತ್ತಿರುವ ಕೆಲಸವನ್ನೇ ಮುಂದುವರಿಸುತ್ತೇವೆ ಅಂದರೆ 'ಹೊಸದೇನಿದೆ?' ಅನ್ನುತ್ತಾರೆ.

ಒಬ್ಬ ಹುಡುಗ ಮೂಲೆಯಲ್ಲಿ ಮುದುಡಿ ಕೂರುತ್ತಿದ್ದ. 8 ತಿಂಗಳಾದ ಮೇಲೆ, ಮೊನ್ನೆ ಮೊದಲ ಸಲ ಕೈ ಎತ್ತಿ ಪ್ರಶ್ನೆ ಕೇಳಿದ. ಕೈ ಸಣ್ಣಗೆ ನಡುಗುತ್ತಿತ್ತು. ಅದನ್ನು ಯಾವ ಕಾಲಂನಲ್ಲಿ ಬರೆಯಲಿ ಹೇಳಿ? ಮುಂದಿನ ತಿಂಗಳು ಯೋಜನೆ ಮುಗಿಯುತ್ತದೆ. 'ನಾಳೆನೂ ಬರ್ತೀರಲ್ವಾ ಅಕ್ಕಾ?' ಅಂತ ಅವನು ಈಗ ದಿನಾ ಕೇಳುತ್ತಾನೆ. ನಾನೇನು ಹೇಳಲಿ?