ಬೇಲೂರಿಗೆ ಬಂದಾಗ ಸುಪ್ರಭಾತ

ಹಳೇ ಸ್ವೆಟರ್ ಜೇಬಿನಿಂದ ಬೆಂಕಿಪೊಟ್ಟಣದಷ್ಟು ಅಗಲದ ಎಂಪಿತ್ರೀ ಪ್ಲೇಯರ್ ಬಿತ್ತು. ವರ್ಷಗಳ ಹಿಂದೆ ಹಾಸನದಲ್ಲಿ ಕೊಂಡಿದ್ದು. ಕಂಪನಿಯ ಹೆಸರೇ ಇರಲಿಲ್ಲ, ಬೆನ್ನ ಮೇಲೆ 2 ಜಿಬಿ ಅಂತಷ್ಟೇ ಬರೆದಿತ್ತು. ಅಂಗಡಿ ಹುಡುಗ 50 ರೂಪಾಯಿ ತಗೊಂಡು ರಾಜ್‌ಕುಮಾರ್ ಹಾಡು ತುಂಬಿಸಿಕೊಟ್ಟಿದ್ದ.

ಆಗ ಶನಿವಾರ ಸಂಜೆ ಹಾಸನದಿಂದ ಚಿಕ್ಕಮಗಳೂರಿಗೆ ಬಸ್ಸು. 17 ಹಾಡು ಮುಗಿದು ಬೇಲೂರು ಹತ್ತಿರವಾಗುತ್ತಿದ್ದಂತೆ ಇದ್ದಕ್ಕಿದ್ದಂತೆ ಸುಪ್ರಭಾತ ಶುರು! ಯಾರದೋ ಹಾಡು ನನ್ನದರೊಳಗೆ ಸೇರಿಕೊಂಡಿತ್ತು. ಹೊತ್ತು ಮುಳುಗುವಾಗ ಚೆನ್ನಕೇಶವನನ್ನು ಎಬ್ಬಿಸುವುದು ಎಂಥ ಕೆಲಸ? ದೇವರ ಹಾಡು ಅಳಿಸೋಕೆ ಮನಸ್ಸು ಬರಲಿಲ್ಲ. ಕೊನೆಗೆ ಹೋಗಲಿ ಅಂತ ಫೈಲ್ ಹೆಸರಿನ ಮುಂದಿದ್ದ 18 ತೆಗೆದು 99 ಮಾಡಿದೆ. ಜಪ್ಪಯ್ಯ ಅಂದರೂ ಜಾಗ ಬಿಡಲಿಲ್ಲ. ಇಂಥ ಅಗ್ಗದ ಪ್ಲೇಯರ್‌ಗಳು ಹಾಡಿನ ಹೆಸರು ನೋಡುವುದೇ ಇಲ್ಲವಂತೆ. ಯಾವುದು ಮೊದಲು ಕಾಪಿ ಆಯಿತೋ ಅದೇ ಮೊದಲು. ಸರಿ ಮಾಡಬೇಕಾದರೆ ಎಲ್ಲ ಅಳಿಸಿ ಮತ್ತೆ ಸಾಲಾಗಿ ತುಂಬಬೇಕು. ಯಾರಿಗೆ ಬೇಕು, ಹಾಗೇ ಬಿಟ್ಟೆ.

ಅಷ್ಟು ಚಿಕ್ಕದರಲ್ಲಿ ಅಷ್ಟೊಂದು ಹಾಡು ಹಿಡಿಸುವುದು ಮಾತ್ರ ಜಾಣತನವೇ. ಸಿಡಿಯಲ್ಲಿ ಸೆಕೆಂಡಿಗೆ 44,100 ಸಲ ಸದ್ದನ್ನು ಅಳೆದು ಇಟ್ಟಿರುತ್ತಾರೆ. ಎಂಪಿತ್ರೀ ಅದನ್ನು ಸೆಕೆಂಡಿಗೆ 128 ಕಿಲೋಬಿಟ್‌ಗೆ ಇಳಿಸಿದರೆ ಉಳಿಯುವುದು ಹನ್ನೊಂದರಲ್ಲಿ ಒಂದು ಪಾಲು. ಬಸ್ಸು ಗೇರು ಬದಲಾಯಿಸಿ ಗೊರಗುಟ್ಟುವಾಗ ಪಕ್ಕದವರ ಪಿಸುಮಾತು ಕೇಳುವುದಿಲ್ಲ ಅಲ್ವಾ? ಹಾಗೆ ದೊಡ್ಡ ಸದ್ದಿನಡಿ ಮುಚ್ಚಿಹೋಗುವ ಸಣ್ಣ ಸದ್ದನ್ನು ಅದು ಸುಮ್ನೆ ಕೈಬಿಡುತ್ತದೆ. ಆದರೂ ನಿಮಿಷದ ಹಾಡಿಗೆ ಹೆಚ್ಚುಕಡಿಮೆ 1 ಎಂಬಿ ಬೇಕು. 1998ರಲ್ಲಿ ಕೊರಿಯಾದಿಂದ ಬಂದ ಎಂಪಿಮ್ಯಾನ್ ಅನ್ನೋ ಪ್ಲೇಯರ್‌ನಲ್ಲಿ ಇದ್ದದ್ದೇ 32 ಎಂಬಿ. ಬೇಲೂರಿಗೂ ಮೊದಲು ಸಿಗುವ ಹಗರೆ ಬರುವಷ್ಟರಲ್ಲಿ ಹಾಡು ಖಾಲಿ!

ನನ್ನದರಲ್ಲಿ ಎಫ್‌ಎಂ ಕೂಡ ಇತ್ತು. ಇಯರ್‌ಫೋನಿನ ವೈರೇ ಅದಕ್ಕೆ ಆಂಟೆನಾ. ಹಾಸನ ಆಕಾಶವಾಣಿ ಗೊರಗೊರ ಅಂದರೆ ವೈರನ್ನು ಕಿಟಕಿಯ ಸರಳಿಗೆ ತಾಗಿಸುವುದು, ತಲೆ ಮೇಲೆ ಎತ್ತಿ ಹಿಡಿಯುವುದು. ಒಮ್ಮೆ ಪಕ್ಕದಲ್ಲಿದ್ದ ಅಜ್ಜಿ, "ಕಿವಿ ನೋವಾ ಮಗಾ?" ಅಂತ ಕೇಳಿದ್ದರು.

ಅದರ ಬ್ಯಾಟರಿ ಗೆರೆಗಳನ್ನಂತೂ ನಂಬುವ ಹಾಗೇ ಇರಲಿಲ್ಲ. ಗಂಟೆಗಟ್ಟಲೆ ಮೂರು ಗೆರೆ, ಆಮೇಲೆ ಒಂದೇ ಸಲಕ್ಕೆ ಕತ್ತಲೆ. ಲಿಥಿಯಂ ಬ್ಯಾಟರಿಯ ವೋಲ್ಟೇಜ್ ಬಹಳ ಹೊತ್ತು ಅಷ್ಟಾಗಿ ಇಳಿಯದೆ ನಿಂತು, ಕೊನೆಯಲ್ಲಿ ಧುಪ್ಪನೆ ಬೀಳುತ್ತದೆ. ಪ್ಲೇಯರ್ ನೋಡುವುದು ಆ ವೋಲ್ಟೇಜನ್ನು, ಪಾಪ.

ಈಗ ಬ್ಯಾಟರಿ ಪೂರ್ತಿ ಸತ್ತಿದೆ. ಚಾರ್ಜರ್‌ಗೆ ಸಿಕ್ಕಿಸಿದರೆ ಮಾತ್ರ ಹಾಡುತ್ತದೆ. ಅಡುಗೆಮನೆ ಪ್ಲಗ್ಗಿನ ಪಕ್ಕ ಕೂತು, ಬೀನ್ಸ್ ಬಿಡಿಸುತ್ತಾ ಪೂರ್ತಿ 17 ಹಾಡು ಕೇಳಿದೆ. ಸುಪ್ರಭಾತ ಶುರುವಾಯಿತು. ಕಾಲು ತಾನಾಗೇ ಚಪ್ಪಲಿ ತಡಕಾಡಿತು. ಬೇಲೂರಲ್ಲಿ ಬಸ್ಸು 10 ನಿಮಿಷ ನಿಲ್ಲುತ್ತಿತ್ತು, ಕಾಫಿಗೆ.